ಅಪ್ಪನ ಎಡಗೈ

ಮಾರ್ಚ್ ೧೪, ಗುರುವಾರ.

ಈಗಿನವರು ಕೆಟ್ಟುಹೋಗಿದ್ದಾರೆ, ಹಿಂದಿನವರು ಅಪ್ಪಟ ಚಿನ್ನ ಎಂದು ಅಪ್ಪ ಇವತ್ತೂ ಶುರುಮಾಡಿದರು. ಪಕ್ಕದಲ್ಲೇ ನನ್ನ ಮಗಳು ಎಡಗೈಯಲ್ಲಿ ಕಾಪಿ ಬರೆಯುತ್ತಿದ್ದಳು. ಅದನ್ನು ನೋಡಿ ಅವರು ನನ್ನ ಕಡೆ ತಿರುಗಿದರು.

"ಇವಳಿಗೆ ನೀನು ಬೈಯೋದಿಲ್ವಾ?"

"ಯಾಕಪ್ಪಾ ಬೈಯಲಿ? ಅಕ್ಷರ ಎಷ್ಟು ದುಂಡಗಿದೆ ನೋಡಿ."

"ನಂದೂ ಎಡಗೈನೇ ಇತ್ತು ಕಣೋ. ನಮ್ಮಪ್ಪ ಅದನ್ನ ಬೆನ್ನಿಗೆ ಕಟ್ಟಿ ಕೂರಿಸ್ತಿದ್ರು. ಎರಡು ವರ್ಷ."

ನಲವತ್ತು ವರ್ಷ ಜೊತೆಗಿದ್ದೂ ನನಗಿದು ಗೊತ್ತಿರಲಿಲ್ಲ. ನಿಮ್ಮಪ್ಪ ಅಷ್ಟು ಕೆಟ್ಟವರಾ ಎಂದು ಕೇಳಿದೆ.

"ಛೆ, ನನ್ನ ಮೇಲೆ ಪ್ರಾಣಾನೇ ಇಟ್ಕೊಂಡಿದ್ರು. ಆದ್ರೆ ನಿನ್ನಷ್ಟು ತಾಳ್ಮೆ ಇರಲಿಲ್ಲ."

ಅಪ್ಪ ನನ್ನನ್ನು ಹೊಗಳಿದ್ದು ಇದೇ ಮೊದಲು. ಮಗಳು ಅವರ ಎಡಗೈಗೆ ಪೆನ್ಸಿಲ್ ಕೊಟ್ಟು, "ಬರೀರಿ ತಾತಾ" ಎಂದಳು. ಅಪ್ಪ ತಮ್ಮ ಹೆಸರು ಬರೆದರು. ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ. ಆ ಹಾಳೆ ನನ್ನ ಮುಂದಿದೆ. ಕಣ್ಣು ಮಂಜಾಗುತ್ತಿದೆ, ಇನ್ನು ಬರೆಯಲಾರೆ.