ಪುಸ್ತಕಕ್ಕೆ ಹಾಕಿದ ಬಲೆಯ ಗಂಟು

ಹಯಗ್ರೀವ ಭಟ್ರೇ,

ನೀವು ತೀರಿಕೊಂಡು ಎರಡು ವರ್ಷವಾಯಿತು. ಓದುವವರಿಲ್ಲದ ಕಾಗದ ಬರೆಯುವುದು ಮಂಕುತನವೆಂದು ನನಗೂ ಗೊತ್ತುಂಟು. ಆದರೂ ಕೇಳಿ.

ಇವತ್ತು ಯೂನಿವರ್ಸಿಟಿ ಲೈಬ್ರರಿಯವರು ನನ್ನನ್ನು ಉಚ್ಚಿಲದಿಂದ ಕರೆಸಿದರು. ಬಲೆ ಹೆಣೆಯುತ್ತಿದ್ದ ನನ್ನನ್ನು ನೀವು ಬೈಂಡಿಂಗಿಗೆ ಕೂರಿಸಿದ ಕೋಣೆಯಲ್ಲಿ ಈಗ ಸ್ಕ್ಯಾನರ್ ಕೂತಿದೆ. ಹಳೆಯ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಾರಂತೆ. ಲೈಬ್ರೇರಿಯನ್ ಆಗಿ ನಿಮ್ಮ ಜಾಗಕ್ಕೆ ಬಂದ ಗಾನವಿ ಎಂಬ ಹುಡುಗಿ ಒಂದನ್ನು ಮುಂದೆ ಹಿಡಿದಳು.

"ಬೂಬಣ್ಣ, ಇದೆಂತ ಗಂಟು ಮಾರಾಯ್ರೆ? ಪುಸ್ತಕ ಬಾಯಿಯೇ ಬಿಡುವುದಿಲ್ಲ. ಎಳೆದರೆ ಹಾಳೆ ಹರಿಯುತ್ತದೆ."

"ಬಲೆಯ ಗಂಟು. ನಾನೇ ಹಾಕಿದ್ದು."

"ಒಳಗೆ ಬಂಗುಡೆ ಮೀನು ಉಂಟಾ?" ಎಂದು ನಕ್ಕಳು.

ನೀವೂ ಅದನ್ನೇ ಹೇಳಿದ್ದಿರಿ. "ಬೂಬ, ಸ್ವಲ್ಪ ಸಡಿಲ ಹೊಲಿ. ಇದರೊಳಗಿಂದ ಮೀನು ತಪ್ಪಿಸಿಕೊಳ್ಳುವುದಿಲ್ಲ." ಬಲೆ ಹೆಣೆಯುವವ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನೆಂದು ಹಾಸ್ಯ ಮಾಡಿದಿರಿ ಎಂದುಕೊಂಡು ಸೂಜಿ ಬಿಸಾಡಿ ಹೋದೆ. ಆಮೇಲೆ ನೀವು ಎರಡು ಸಲ ಮನೆಗೆ ಬಂದಿರಿ. ನಾನಿಲ್ಲವೆಂದು ಹೆಂಡತಿ ಕಮಲ ಹೇಳಿದಳಲ್ಲ, ನಾನು ಒಳಗೇ ಇದ್ದೆ.

ಇವತ್ತು ಹದಿನೇಳು ಪುಸ್ತಕಗಳ ಗಂಟು ಬಿಡಿಸಿದೆ. ಒಂದು ಹಾಳೆಯೂ ಹರಿಯಲಿಲ್ಲ. ಸ್ಕ್ಯಾನ್ ಆದ ಮೊದಲನೆಯದನ್ನು ನೀವು ಹೇಳಿದಷ್ಟೇ ಸಡಿಲವಾಗಿ ಮತ್ತೆ ಹೊಲಿದೆ. ಮೇಜಿನ ಮೇಲಿಟ್ಟರೆ ಅಂಗೈಯ ಹಾಗೆ ತೆರೆದುಕೊಂಡು ಮಲಗಿತು.

ತೋರಿಸಬೇಕೆಂದು "ಭಟ್ರೇ" ಎಂದು ಕರೆದೇ ಬಿಟ್ಟೆ.

ಗಾನವಿ ತಲೆ ಎತ್ತಿ, "ಯಾರನ್ನು ಕರೆದದ್ದು ಬೂಬಣ್ಣ?" ಎಂದಳು.

"ನಿನ್ನನ್ನಲ್ಲ. ನೀನು ನಿನ್ನ ಕೆಲಸ ನೋಡು," ಎಂದು ಗದರಿದೆ.

ಬೂಬ