ನನ್ನ ನೊರೆನ್ ಸಂಜೆಗೆ ಒಳಗೆ ಬರಲಿ

ನಮ್ಮ ಊರಿನ ಬೀದಿ ಸೌಂದರ್ಯ ತಜ್ಞ ಸಲಹಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ಹೊರತಂದ ಹೊಸ ಕೈಪಿಡಿಯ ಮುಖಪುಟದಲ್ಲಿ ನನ್ನ ಉಪ್ಪಿನಕಾಯಿ ಅಂಗಡಿಯ ಫೋಟೋ ಬಂದಿದೆ. ಚೆನ್ನಾಗಿದೆ. ಅಡಿಯಲ್ಲಿ ‘ಬದುಕಿರುವ ಬೀದಿ’ ಎಂದು ಅಚ್ಚು ಹಾಕಿಸಿದ್ದೀರಿ. ಆ ಫೋಟೋ ತೆಗೆದ ಹೊತ್ತಿನಲ್ಲಿ ಅಂಗಡಿಯ ಯಜಮಾನಿಯಾದ ನಾನು ಅದೇ ಬಾಗಿಲ ಹಿಂದೆ, ಪೀಪಾಯಿಗಳ ನಡುವೆ, ಕಾಲು ಮುರಿದುಕೊಂಡು ಉಪ್ಪುನೀರಿನಲ್ಲಿ ಬಿದ್ದಿದ್ದೆ. ಬೀದಿ ಬದುಕಿತ್ತು, ನಿಜ. ನನ್ನ ವಿಷಯದಲ್ಲಿ ಮಾತ್ರ ಸ್ವಲ್ಪ ಅನುಮಾನವಿತ್ತು. ಇದಕ್ಕೆ ಕಾರಣ ನಿಮ್ಮ ಸಮಿತಿಯ ಒಂದು ಸಲಹೆ. ಅದನ್ನು ಹಿಂತೆಗೆದುಕೊಳ್ಳಿ ಎಂದು ಕೇಳಲು, ಅದೂ ಊರಿಗೆಲ್ಲ ಕೇಳಿಸುವಂತೆ ಕೇಳಲು, ಈ ಪತ್ರ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಉಪಕಾರ ಮರೆತವಳಲ್ಲ. ಸರ್ಕಾರದ ಅನುದಾನ ಬಂದ ಮೇಲೆ ತಲೆಯ ಮೇಲಿನ ತಂತಿಗಳ ಗೋಜಲು ನೆಲದಡಿಗೆ ಹೋಯಿತು, ಬೀದಿಯ ಕೊನೆಯಲ್ಲಿ ಬೆಟ್ಟ ಕಾಣಿಸತೊಡಗಿತು. ನನ್ನ ಗೋಡೆಯ ತುಕ್ಕು ತಗಡು ಹೋಗಿ ಮರದ ಜಾಲರಿ ಬಂತು. ಹಣ ಸರ್ಕಾರದ್ದು, ಮನೆ ನಮ್ಮದು, ಅಭಿರುಚಿ ನಿಮ್ಮದು ಎಂಬ ಏರ್ಪಾಡಿಗೆ ನಾವೆಲ್ಲ ತಲೆಬಾಗಿದೆವು. ನೀಲಿ ಎಷ್ಟು ನೀಲಿಯಾಗಿರಬೇಕು ಎಂದು ನಿಮ್ಮ ಸಮಿತಿ ಒಂದಿಡೀ ಚಳಿಗಾಲ ಚರ್ಚಿಸಿತು, ನಾವು ಉಸಿರೆತ್ತಲಿಲ್ಲ. ತಂಪು ಪಾನೀಯ ಮಾರುವ ಯಂತ್ರಕ್ಕೆ ಗೋಡೆಯದೇ ಕಂದು ಬಣ್ಣ ಬಳಿಸಿದಿರಿ. ಈಗ ಪ್ರವಾಸಿಗರು ಆ ಯಂತ್ರಕ್ಕೇ ಒರಗಿ ನಿಂತು, ಇಲ್ಲಿ ಕುಡಿಯಲು ಏನೂ ಸಿಗುವುದಿಲ್ಲವೇ ಎಂದು ನನ್ನನ್ನು ಕೇಳುತ್ತಾರೆ. ಎದುರಿನ ಕ್ಷೌರದಂಗಡಿಯ ಮೊಮೊಸೆಯವರು ಅಂಗಡಿಯ ಗುರುತಿಗೆ ಇಟ್ಟ ತಿರುಗುವ ಬಣ್ಣದ ಕಂಬ ಹಳೆಯ ಕಾಲಕ್ಕೆ ಹೊಂದುವುದಿಲ್ಲವೆಂದು ಅದರ ಸುತ್ತ ಮರದ ಪಂಜರ ಕಟ್ಟಿಸಿದಿರಿ. “ಏನು ತಪ್ಪು ಮಾಡ್ತು ಅಂತ ನನ್ನ ಕಂಬಾನ ಜೈಲಿಗೆ ಹಾಕಿದ್ರು, ನೀವೇ ಹೇಳಿ?” ಎಂದು ಅವರು ಗಿರಾಕಿಯ ತಲೆ ಹಿಡಿದುಕೊಂಡೇ ಕೇಳುತ್ತಾರೆ. ಕೈಯಲ್ಲಿ ಕತ್ತರಿ ಇರುವುದರಿಂದ ಯಾರೂ ನಿಮ್ಮ ಪರವಾಗಿ ವಾದಿಸುವುದಿಲ್ಲ.

ಅದೆಲ್ಲ ಇರಲಿ. ನನ್ನ ತಕರಾರು ನೊರೆನ್ ಬಗ್ಗೆ, ಅಂಗಡಿಯ ಬಾಗಿಲಿಗೆ ಕೋಲಿನಿಂದ ಇಳಿಬಿಡುವ ಆ ಬಟ್ಟೆಯ ಪರದೆಯ ಬಗ್ಗೆ. ನನ್ನ ಅತ್ತೆ ತೇಪೆಯ ಮೇಲೆ ತೇಪೆ ಹಾಕಿದ್ದ ಮಾಸಲು ಕೆಂಪು ನೊರೆನ್ ‘ಬೀದಿಯ ಒಟ್ಟಂದಕ್ಕೆ ಭಂಗ’ ಎಂದಿರಿ. ಮಡಿಚಿ ಒಳಗಿಟ್ಟೆ. ಎಲ್ಲ ಅಂಗಡಿಗಳ ಬಾಗಿಲಿಗೂ ಒಂದೇ ನೀಲಿಯ ನೊರೆನ್ ಇಳಿಬಿಟ್ಟಿರಿ. ಅದಕ್ಕೂ ಸೈ ಎಂದೆ. ಆದರೆ ಯಾವ ಹೊತ್ತಿನಲ್ಲಿ ಯಾರು ಬಂದು ನೋಡಿದರೂ ಬೀದಿ ಬೋಳಾಗಿ ಕಾಣಬಾರದು ಎಂದು, ಆ ಬಟ್ಟೆಯ ಕೋಲನ್ನೇ ಬಾಗಿಲ ಚೌಕಟ್ಟಿಗೆ ತಿರುಪು ಹಾಕಿ ಬಿಗಿಸಿದಿರಲ್ಲ, ಅಲ್ಲಿ ಕೆಟ್ಟಿತು.

ಮಾನ್ಯರೇ, ಬೆಳಿಗ್ಗೆ ನೊರೆನ್ ಹೊರಗೆ ಹಾಕಿದರೆ ‘ಎದ್ದಿದ್ದೇನೆ, ಬನ್ನಿ’ ಎಂದರ್ಥ. ಸಂಜೆ ಒಳಗೆ ತಂದರೆ ‘ಇವತ್ತಿಗೆ ಸಾಕು’ ಎಂದರ್ಥ. ಶಾಲೆಯ ಮಕ್ಕಳು ಹಾದುಹೋದ ಮೇಲೂ ಒಂದು ಬಾಗಿಲಿಗೆ ನೊರೆನ್ ಬರಲಿಲ್ಲವೆಂದರೆ, ಎದುರಿನವರು ಹಿಂದಿನ ಓಣಿಯಿಂದ ಬಂದು ಬಾಗಿಲು ಬಡಿಯುತ್ತಾರೆ. ಒಮ್ಮೆ ನಾನು ಜ್ವರದಲ್ಲಿ ಏಳಲಾರದೆ ಮಲಗಿದ್ದಾಗ ಮೊಮೊಸೆಯವರು ಹೀಗೇ ಓಡಿಬಂದಿದ್ದರು. ಅವರ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೂ ಮುಖದ ತುಂಬ ನೊರೆಯೊಂದಿಗೆ ಓಡಿಬಂದಿದ್ದ. ಗಂಡ ತೀರಿಕೊಂಡ ಮೇಲೆ ಈ ಮನೆಯಲ್ಲಿ ನಾನೊಬ್ಬಳೇ. ಈ ಒಂದು ಧೈರ್ಯದ ಮೇಲೆ ಕಣ್ಣು ತುಂಬ ನಿದ್ದೆ ಮಾಡುತ್ತಿದ್ದೆ.

ಆ ದಿನ ಬೆಳಗಾಗುತ್ತಲೇ ಸೊಪ್ಪಿನ ಉಪ್ಪಿನಕಾಯಿ ತೆಗೆಯಲೆಂದು ಪೀಪಾಯಿಯಲ್ಲಿ ಸೊಪ್ಪು ಅದುಮಲು ಇಟ್ಟ ಭಾರದ ಕಲ್ಲು ಎತ್ತಿದೆ. ಕಾಲು ಜಾರಿತು. ಕಲ್ಲು ಪಾದದ ಗಂಟಿನ ಮೇಲೆ ಬಿತ್ತು. ಬೀದಿಯ ಬಾಗಿಲು ಇನ್ನೂ ತೆರೆದಿರಲಿಲ್ಲ, ಆದರೆ ನೊರೆನ್ ಹೊರಗೆ ನೆಟ್ಟಗೆ ತೂಗಾಡುತ್ತಿತ್ತು. ಮಕ್ಕಳು ಹೋದ ಸದ್ದು ಕೇಳಿಸಿತು. ಇನ್ನೇನು ಮೊಮೊಸೆಯವರು ಬಂದರು ಅಂದುಕೊಂಡೆ. ಬರಲಿಲ್ಲ. ಈಗ ಅದು ಹಗಲಿರುಳು ಅಲ್ಲೇ ಇರುತ್ತದೆಂದು ಅವರಿಗೆ ಗೊತ್ತಿಲ್ಲವೇ ಎಂದು ನೀವು ಕೇಳಬಹುದು. ಅವರಿಗೆ ಗೊತ್ತು, ಅವರ ಕಣ್ಣಿಗೆ ಗೊತ್ತಿಲ್ಲ. ನೊರೆನ್ ಕಂಡಿತು, ಮನಸ್ಸು ನಿರಾಳವಾಯಿತು, ಕತ್ತರಿ ಹಿಡಿದರು.

ಅಷ್ಟರಲ್ಲಿ ನೀವು ಬಂದಿರಿ. ಹೌದು, ನೀವೇ, ಸಮಿತಿ ಸಮೇತ, ಪರಿಶೀಲನೆಗೆ. ಜಾಲರಿಯ ಮೂಲಕ ನಿಮ್ಮ ಒಂದೊಂದು ಮಾತೂ ಕೇಳಿಸುತ್ತಿತ್ತು. ನನಗೆ ಕೂಗಲು ಶಕ್ತಿ ಉಳಿದಿರಲಿಲ್ಲ. ಕೈಗೆ ಸಿಕ್ಕ ಸೌಟಿನಿಂದ ಪೀಪಾಯಿಯನ್ನು ದಬದಬ ಬಡಿದೆ. ಹೊರಗೆ ಮಾತು ನಿಂತಿತು. ದೇವರು ಬಂದ ಹಾಗಾಯಿತು.

“ಕೇಳಿಸ್ತಾ? ಒಳಗೆ ಕೆಲಸ ನಡೀತಿದೆ,” ಎಂದರು ನಿಮ್ಮವರೊಬ್ಬರು.

“ಆಹಾ! ಹಳೇ ಬೀದಿಗೆ ಇಂಥ ಸದ್ದೇ ಜೀವ ಕಣ್ರೀ,” ಎಂದರು ಇನ್ನೊಬ್ಬರು.

ಆಮೇಲೆ ತಾವು, ಈಗಲೂ ನನ್ನ ಕಿವಿಯಲ್ಲಿರುವ ಆ ಸೌಜನ್ಯದ ದನಿಯಲ್ಲಿ, “ಪಾಪ, ಕೆಲಸದ ಹೊತ್ತು. ತೊಂದರೆ ಕೊಡೋದು ಬೇಡ, ಸದ್ದಿಲ್ಲದೆ ಹೋಗೋಣ,” ಎಂದಿರಿ. ಕ್ಯಾಮೆರಾ ಕ್ಲಿಕ್ ಎಂದಿತು. ನೀವೆಲ್ಲ ಬಾಗಿಲಿಗೆ ತಲೆಬಾಗಿ ವಂದಿಸಿಯೇ ಹೋಗಿರಬೇಕು. ಇಷ್ಟು ಮರ್ಯಾದೆಯಾಗಿ ನನ್ನನ್ನು ಯಾರೂ ಬಿಟ್ಟುಹೋದದ್ದಿಲ್ಲ. ಆ ಕ್ಷಣ ನನಗೆ ನಗು ಬರಲಿಲ್ಲ, ಸ್ವಾಮಿ. ಹೆದರಿಕೆಯಾಯಿತು.

ನನ್ನನ್ನು ಉಳಿಸಿದ್ದು ಚಹಾ. ಬೆಳಗಿನ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಮೊಮೊಸೆಯವರು ನನ್ನಲ್ಲಿಗೆ ಬಂದು, ಉಪ್ಪಿನಕಾಯಿ ನೆಂಚಿಕೊಂಡು ಚಹಾ ಕುಡಿಯುವುದು ರೂಢಿ. ಬಂದರು, ಬಾಗಿಲು ಎಳೆದರು, ತೆರೆಯಲಿಲ್ಲ. ಅಷ್ಟು ಹೊತ್ತಿಗೆ ನನಗೆ ಸೌಟು ಎತ್ತುವ ಕಸುವೂ ಉಳಿದಿರಲಿಲ್ಲ. “ನೊರೆನ್ ಹಾಕ್ಕೊಂಡು ಬಾಗಿಲು ಮುಚ್ಚೋದು ಯಾವ ಸೀಮೆ ವ್ಯಾಪಾರ!” ಎಂದು ಗೊಣಗಿ ವಾಪಸ್ಸು ಹೋದರು, ನಾನು ಯಾರಿಗೋ ಸರಕು ಕೊಡಲು ಹೋಗಿದ್ದೇನೆ ಅಂದುಕೊಂಡರಂತೆ. ಮುಖ ಊದಿಸಿಕೊಂಡು ಕುಳಿತವರನ್ನು ಮಧ್ಯಾಹ್ನ ಅವರ ಹೆಂಡತಿ ಕಿನುಯೊ ಬೈದು ಅಟ್ಟಿದಳು: “ಅವಳು ಹೇಳದೆ ಕೇಳದೆ ಎಲ್ಲಿಗಾದ್ರೂ ಹೋಗ್ತಾಳೇನ್ರೀ? ಹಿಂದಿನಿಂದ ಹೋಗಿ ನೋಡಿ ಮೊದ್ಲು!” ಹಿಂಬಾಗಿಲು ಮುರಿದು ಬಂದ ಆ ಮನುಷ್ಯ ನನ್ನ ಮೇಲೇ ರೇಗಿದರು. “ಉಪ್ಪಿನಕಾಯಮ್ಮಾ, ನಿಮ್ಮ ನೊರೆನ್ ನನಗೆ ಸುಳ್ಳು ಹೇಳ್ತು! ಇಷ್ಟು ವರ್ಷದಲ್ಲಿ ಒಂದಿನ ಸುಳ್ಳು ಹೇಳಿರಲಿಲ್ಲ!” ಎಂದು ಗದರುತ್ತಲೇ ಅತ್ತುಬಿಟ್ಟರು. ನಾನೂ ಅತ್ತೆ.

ಕಾಲಿಗೆ ಪಟ್ಟಿ ಹಾಕಿಸಿಕೊಂಡು ನೇರ ಪುರಸಭೆಗೆ ಹೋದೆ. ನಿಮ್ಮ ಸಮಿತಿಯ ಕಡತ ನೋಡಿಕೊಳ್ಳುವ ಗುಮಾಸ್ತರು ಎದ್ದು ನಿಂತು ಬಾಗಿದರು.

“ಹಿರಾಬಾಯಶಿ ಸಾನ್, ದಯವಿಟ್ಟು ಕ್ಷಮಿಸಬೇಕು. ಅದು ಅನುದಾನದಲ್ಲಿ ಹಾಕಿಸಿದ ವಸ್ತು. ತೆಗೆದ್ರೆ ವಿಲೇವಾರಿ ಮಾಡಿದ ಹಾಗಾಗತ್ತೆ.”

“ವಿಲೇವಾರಿ ಎಲ್ಲಿ ಬಂತಪ್ಪ? ಸಂಜೆ ಒಳಗೆ ತರ್ತೀನಿ, ಬೆಳಿಗ್ಗೆ ಹೊರಗೆ ಹಾಕ್ತೀನಿ.”

“ಹಾಗಾದ್ರೆ ದಿನಾ ಸಂಜೆ ವಿಲೇವಾರಿ, ದಿನಾ ಬೆಳಿಗ್ಗೆ ಮರುಸ್ಥಾಪನೆ. ಎರಡಕ್ಕೂ ತಜ್ಞರ ಅಭಿಪ್ರಾಯ ಬೇಕಾಗತ್ತೆ,” ಎಂದು ಅವರು ಇನ್ನೂ ಕೆಳಕ್ಕೆ ಬಾಗಿದರು. ಹಣೆ ಮೇಜಿಗೆ ತಗುಲಿತು. ಪಾಪ, ಅವರನ್ನು ಬೈದು ಏನು ಸುಖ?

ತಜ್ಞರ ಅಭಿಪ್ರಾಯವೂ ಬಂತು. ಅಂಗಡಿ ತೆರೆಯದ ದಿನ ನೊರೆನ್ ಪಕ್ಕದಲ್ಲಿ ‘ಇಂದು ರಜೆ’ ಎಂಬ ಹಲಗೆ ತೂಗುಹಾಕಬಹುದು, ಅದು ಯಾವ ಮರದ್ದಿರಬೇಕು ಎಂಬುದು ಪರಿಶೀಲನೆಯಲ್ಲಿದೆ. ಅಲ್ಲ ಮಾನ್ಯರೇ, ಬಿದ್ದವಳು ತೆವಳಿಕೊಂಡು ಬಂದು, ಆ ಹಲಗೆ ತಗುಲಿಸಿ, ಮತ್ತೆ ಒಳಗೆ ಹೋಗಿ ಬೀಳಬೇಕೇ? ಜೊತೆಗೆ ಒಂದು ಎಚ್ಚರಿಕೆ: ಮುಂದಿನ ಪರಿಶೀಲನೆಯ ವೇಳೆ ನೊರೆನ್ ಸ್ವಸ್ಥಾನದಲ್ಲಿ ಇಲ್ಲದಿದ್ದರೆ ನನ್ನ ಛಾವಣಿಯ ದುರಸ್ತಿಗೆ ಅನುದಾನ ತಡೆಹಿಡಿಯಲಾಗುವುದು. ಛಾವಣಿ ಸೋರುತ್ತಿರುವುದು ಪೀಪಾಯಿಗಳ ಮೇಲೆಯೇ. ಅಂದರೆ ಉಪ್ಪಿನಕಾಯಿ ಉಳಿಯಬೇಕು, ಇಲ್ಲವೇ ಅದನ್ನು ಹಾಕುವವಳು ಉಳಿಯಬೇಕು. ಒಂದನ್ನು ಆರಿಸಿಕೋ ಎಂದಿದ್ದೀರಿ. ನಿಮ್ಮ ಸಮಿತಿಯಲ್ಲಿ ಮರ ಬಲ್ಲವರಿದ್ದಾರೆ, ಬಣ್ಣ ಬಲ್ಲವರಿದ್ದಾರೆ, ಮುನ್ನೂರು ವರ್ಷದ ಹಿಂದೆ ಈ ಬೀದಿಯಲ್ಲಿ ಯಾರಿದ್ದರೆಂದು ಬಲ್ಲವರೂ ಇದ್ದಾರೆ. ಈಗ ಯಾರಿದ್ದಾರೆ ಎಂದು ಒಮ್ಮೆ ವಿಚಾರಿಸಬಾರದಿತ್ತೇ?

ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ನೀಲಿ ಇರಲಿ, ಜಾಲರಿ ಇರಲಿ, ಮೊಮೊಸೆಯವರ ಕಂಬ ಬೇಕಾದರೆ ಜೈಲಿನಲ್ಲೇ ಇರಲಿ. ಇಡೀ ಬೀದಿಯ ನೊರೆನ್‌ಗಳ ತಿರುಪು ಬಿಚ್ಚಲು ಆದೇಶ ಕೊಡಿ. ನನ್ನ ಬಾಗಿಲಿಗೆ ಆದೇಶ ಬೇಕಿಲ್ಲ. ಮೊಮೊಸೆಯವರು ಆಗಲೇ ಬಿಚ್ಚಿಯಾಗಿದೆ. ಚೌಕಟ್ಟಿಗೆ ಒಂದು ಗೀರೂ ಬಿದ್ದಿಲ್ಲ, ಬೇಕಾದರೆ ತಜ್ಞರನ್ನು ಕರೆತಂದು ನೋಡಿ. ಬಂದಾಗ ಚಹಾ ಕುಡಿದೇ ಹೋಗಬೇಕು.

ನೀವು ಬರುವ ಬೆಳಿಗ್ಗೆ ನೊರೆನ್ ಹೊರಗಿದ್ದರೆ ನಾನು ಎದ್ದಿದ್ದೇನೆ ಎಂದು ನಂಬಿ. ಇಲ್ಲದಿದ್ದರೆ, ದಯವಿಟ್ಟು, ನಿಯಮ ಮುರಿದಳು ಎಂದು ಬರೆದುಕೊಳ್ಳುತ್ತಾ ನಿಲ್ಲಬೇಡಿ. ತೊಂದರೆ ಕೊಡಿ. ಹಿಂದಿನ ಓಣಿಯಿಂದ ಬಂದು ಬಾಗಿಲು ಬಡಿಯಿರಿ.

ಇಂತಿ,
ನಿಮ್ಮ ಮುಖಪುಟದ ಬಾಗಿಲ ಹಿಂದಿನವಳು, ಸದ್ಯ ಒಂದೇ ಕಾಲಿನ ಮೇಲೆ ನಿಂತಿರುವ
ಹಿರಾಬಾಯಶಿ ತೊಮೊಎ
ಉಪ್ಪಿನಕಾಯಿ ಅಂಗಡಿ