ನಿಧಾನವಾದ ಪಿಟೀಲು

ಅಕ್ಕಾ,

ಹೊಸ ಊರಿನಲ್ಲಿ ಮಕ್ಕಳು ನಮಗಿಂತ ಬೇಗ ಬೇರು ಬಿಡುತ್ತಾರೆ ಎಂದು ನೀನು ಹೇಳಿದ್ದೋ ಅಮ್ಮ ಹೇಳಿದ್ದೋ, ಪೂರ್ತಿ ನಿಜವಲ್ಲ. ಮಗಳು ಮಿರಿನ್‌ಳನ್ನು ಇಲ್ಲಿ ಎನಿಸ್‌ನ ಚರ್ಚಿನ ಹಾಲ್‌ನಲ್ಲಿ ನಡೆಯುವ ಐರಿಷ್ ನೃತ್ಯದ ತರಗತಿಗೆ ಸೇರಿಸಿದ್ದೇನೆ. ಶನಿವಾರ ಟೀಚರ್ ಬ್ರೀಜ್ ಅವಳನ್ನು ಹೊಸಬರ ಸಾಲಿನಿಂದ ಬಿಡಿಸಿ ಬೇರೆ ಸಾಲಿನಲ್ಲಿ ನಿಲ್ಲಿಸಿ, ಪಿಟೀಲಿನವನಿಗೆ ಗತಿ ಇಳಿಸಲು ಹೇಳಿದಳು. ಹುಡುಗಿ ಆ ನೃತ್ಯದ ನಿಯಮದಂತೆ ಕೈಗಳನ್ನು ಪಕ್ಕಕ್ಕೆ ಅಂಟಿಸಿಕೊಂಡೇ ಅಳತೊಡಗಿದಳು.

"ನಾನೇನು ದಡ್ಡಿಯಾ? ಆ ಪುಟಾಣಿಗಳಿಗೆಲ್ಲ ಬೇಗ ಬೇಗ ಬಾರಿಸ್ತೀರ, ನಂಗೆ ಮಾತ್ರ ಅಜ್ಜಿ ನಡಿಗೆ! ಇನ್ಮೇಲೆ ನಾನು ಬರಲ್ಲ."

"ಲೇ ಹುಚ್ಚಿ, ನಿನ್ನನ್ನ ಮೇಲಕ್ಕೆ ಹತ್ತಿಸಿದೀನಿ ಕಣೇ," ಎಂದಳು ಬ್ರೀಜ್. "ಅವರು ಎರಡು ಹೆಜ್ಜೆ ಹಾಕೋ ಕಡೆ ನೀನು ಆರು ಹಾಕ್ಬೇಕು. ಅಷ್ಟನ್ನ ತುರುಕೋಕೆ ಜಾಗ ಬೇಡ್ವಾ?"

ಮಿರಿನ್ ಮೂಗು ಒರೆಸಿಕೊಂಡು ಮತ್ತೆ ಸಾಲಿನಲ್ಲಿ ನಿಂತಳು.

ನನ್ನ ಮಂಡಿನೋವು ಇಳಿದಿದೆ. ಅಂಚೆಯವನು ಡಬ್ಬಿ ತೆರೆಯುವ ಹೊತ್ತಾಯಿತು, ಮುಗಿಸುತ್ತೇನೆ. ನಿನ್ನ ಹತ್ತನೆಯ ವಯಸ್ಸಿನಲ್ಲಿ, ಸಾಲು ಬದಲಾಗಿ ಪಿಟೀಲು ನಿಧಾನವಾದ ವಾರವೇ, ನೃತ್ಯದ ಬೂಟುಗಳನ್ನು ಕಾಲುವೆಗೆ ಎಸೆದು ಮನೆಗೆ ಬಂದೆಯಲ್ಲ, ನಿನಗೆ ಇದನ್ನು ಯಾರೂ ಹೇಳಿರಲಿಲ್ಲವೇ?

ಕಾರ್ಮಕ್